ಕಠ್ಮಂಡುವಿನ ದಾರಿಯಲ್ಲಿ ಒಂದು ಡೈನಮೊ

ಬ್ಯಾಡಗಿ

ನೇಪಾಳಕ್ಕೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಹಿಮಾಲಯ ಹೇಗಿತ್ತು, ಪಶುಪತಿನಾಥನ ದರ್ಶನ ಆಯಿತೇ ಎಂದು ಕೇಳುತ್ತಾರೆ. ಅಂಥವರಿಗೆ ಮೊದಲೇ ಹೇಳಿಬಿಡುತ್ತೇನೆ. ನನ್ನ ವಿದೇಶ ಪ್ರವಾಸದ ಮೊದಲ ಭಾಗ ನಡೆದದ್ದು ನಮ್ಮ ಮನೆಯಿಂದ ಸೈಕಲ್ ಮೇಲೆ ಹೋಗಿಬರುವಷ್ಟು ದೂರದಲ್ಲಿ. ಹಿಮಾಲಯಕ್ಕಿಂತ ಮೋಟೆಬೆನ್ನೂರಿನ ಒಂದು ಹುಣಸೆಮರವನ್ನು ನಾನು ಹೆಚ್ಚು ಹೊತ್ತು ನೋಡಿದ್ದೇನೆ. ಅದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಾನು ಹೊರಟದ್ದು ಊರು ನೋಡುವುದಕ್ಕಲ್ಲ. ನನ್ನ ತಂಗಿ ವಿಮಲಾಳ ಗಂಡ ಕಠ್ಮಂಡುವಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ. ಅವಳಿಗೆ ಚೊಚ್ಚಲ ಬಸಿರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನಮಗೆ ಅವ್ವ ಇಲ್ಲ, ಹಾಗಾಗಿ ಅವಳ ತವರು ಎಂದರೆ ನಾನೇ. ಊರಿಗೆ ಬರಲು ಅವಳು ಟಿಕೆಟ್ಟನ್ನೂ ತೆಗೆಸಿದ್ದಳು. ಅಷ್ಟರಲ್ಲಿ ಡಾಕ್ಟರು ಕಾಲು ಬಾತಿವೆ, ಪ್ರಯಾಣ ಕೂಡದು ಎಂದರಂತೆ. ನಮ್ಮ ಮೆಣಸಿನಕಾಯಿ ದಲ್ಲಾಳಿಯ ಅಡತಿ ಅಂಗಡಿಗೆ ಟ್ರಂಕ್ ಕಾಲ್ ಬಂತು. ಗರಗರ ಸದ್ದಿನ ನಡುವೆ ಅವಳ ದನಿ ಕೇಳಿತು. "ಅಕ್ಕಾ, ನೀ ಲಗೂನ ಬಾ. ಇಲ್ಲಿ ನನಗ ಬ್ಯಾನಿ ಬಂದ್ರ ಯಾ ಭಾಷಾದಾಗ ಅಳಬೇಕು?"

ಮರುದಿನದ ರೈಲಿಗೇ ಹೊರಡಲು ನಾನು ಸಿದ್ಧಳಿದ್ದೆ. ಆದರೆ ನಮ್ಮ ಯಜಮಾನರಿಗೆ ರೈಲು ಒಗ್ಗಲಿಲ್ಲ. ನಮ್ಮ ಮನೆಯಲ್ಲಿ ಮಾವನವರು ಮುಂಬಯಿಯಿಂದ ತಾವೇ ಓಡಿಸಿಕೊಂಡು ತಂದ ಒಂದು ಹಳೆಯ ಅಮೇರಿಕನ್ ಕಾರು ಇತ್ತು. ಅವರು ತೀರಿಕೊಂಡ ಮೇಲೆ ಅದು ನಮ್ಮ ಮೆಣಸಿನಕಾಯಿ ದಾಸ್ತಾನಿನ ವಖಾರದಲ್ಲಿ ಚೀಲಗಳ ನಡುವೆ ನಿಂತುಬಿಟ್ಟಿತ್ತು. ದೀಪಾವಳಿ ಪಾಡ್ಯಕ್ಕೆ ಒಂದು ಪೂಜೆ, ಪೇಟೆಯಲ್ಲಿ ಒಂದು ಸುತ್ತು, ಮತ್ತೆ ಚೀಲಗಳ ನಡುವೆ. ಆ ಕಾರಿನಲ್ಲಿ ನೇಪಾಳಕ್ಕೆ!

"ಬಾಣಂತಿ ಸಾಮಾನ ಇಷ್ಟೆಲ್ಲಾ ಐತಿ. ಅಂಟಿನ ಉಂಡಿ, ತುಪ್ಪಾ, ಕೊಬ್ಬರಿ, ಅದನ್ನೆಲ್ಲಾ ರೈಲಾಗ ಹೊತಗೊಂಡ ಹೋಗಾಕ ನಾವೇನ ಸಂತಿಗೆ ಹೊಂಟೇವೇನು?" ಎಂದರು ಇವರು. "ಅಪ್ಪಾರ ಗಾಡಿ ಐತಿ. ಕುಂತು ಏಳೂದ್ರಾಗ ಕಠ್ಮಂಡು."

ಹೊರಡುವ ಮುಹೂರ್ತವನ್ನು ಅತ್ತೆಯವರು ನೋಡಿಸಿದರು. ಓಣಿಯ ಹೆಂಗಸರೆಲ್ಲ ಬಂದು ಆರತಿ ಎತ್ತಿದರು. ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು, ಮುಂದೆ ತೆಂಗಿನಕಾಯಿ. ನಾನು ಕಾರು ಹತ್ತುವಾಗ ಅತ್ತೆಯವರು ನನ್ನ ಕೈ ಹಿಡಿದು ಹೇಳಿದರು. "ಸರೋಜಾ, ಹೊಸ್ತಿಲಾ ದಾಟೀದಿ. ಹೊಳ್ಳಿ ನೋಡಬ್ಯಾಡ. ಹೋದ ಕೆಲಸಾ ಮುಗಿಯೂತನಕಾ ಇಬ್ಬರೂ ತಿರುಗಿ ಈ ಹೊಸ್ತಿಲಾ ತುಳೀಬ್ಯಾಡ್ರಿ. ಹೆರಿಗಿ ವಿಷಯ ಐತಿ, ಅಪಶಕುನ ಆಗತೈತಿ."

ನಾನು ತಲೆಯಾಡಿಸಿದೆ. ಆ ಮಾತು ಏನೇನು ಮಾಡಲಿದೆ ಎಂದು ಯಾರಿಗೆ ಗೊತ್ತಿತ್ತು?

ಮೋಟೆಬೆನ್ನೂರು

ಊರು ಬಿಟ್ಟು ಹೆದ್ದಾರಿ ಸೇರುವುದಕ್ಕೂ ಕಾರಿನ ಹಾರ್ನ್ ಗಂಟಲು ಕಟ್ಟಿದವರಂತೆ ಗೊಗ್ಗರಾಗುವುದಕ್ಕೂ ಸರಿಹೋಯಿತು. ಮೋಟೆಬೆನ್ನೂರಿನ ಹತ್ತಿರ ಎಂಜಿನ್ ಎರಡು ಸಲ ಬಿಕ್ಕಿ ಹುಣಸೆಮರದ ಕೆಳಗೆ ನಿಂತೇಬಿಟ್ಟಿತು. ಇವರು ಬಾನೆಟ್ ಎತ್ತಿ, ಒಳಗೆ ದೇವರು ಕೂತಿರುವಂತೆ ಭಕ್ತಿಯಿಂದ ನೋಡತೊಡಗಿದರು. ಒಬ್ಬ ಲಾರಿ ಡ್ರೈವರ್ ನಿಲ್ಲಿಸಿ, ಮೂಸಿ ನೋಡಿ, "ಡೈನಮೊ ಸುಟ್ಟೈತ್ರಿ. ಬ್ಯಾಟರಿಗೆ ಕರೆಂಟ್ ಕೊಡೂದ ಅದು. ಅದು ಕೊಡದಿದ್ರ ಗಾಡಿ ಇದ್ದ ಬ್ಯಾಟರೀನ ತಿಂದು ಮಕ್ಕೊಂತೈತಿ," ಎಂದು ಹೇಳಿ ಹೋದ.

ಅಲ್ಲಿಂದ ನಮ್ಮೂರು ಎಷ್ಟು ದೂರ? ಗಾಳಿ ಬೀಸಿದರೆ ನಮ್ಮ ಪೇಟೆಯ ಮೆಣಸಿನಕಾಯಿ ಘಾಟು ಮೂಗಿಗೆ ಬರುತ್ತದೆ. ನಾನು ಇವರಿಗೆ ಹೇಳಿದೆ, "ಬಸ್ ಹತ್ತಿ ಮನೀಗೆ ಹೋಗೂಣು. ಸಾಮಾನ ಕಡಿಮಿ ಮಾಡಿ ಸಂಜೀಕ ರೈಲ ಹಿಡಿಯೂಣು."

ಇವರು ನಾನೇನೋ ಕೆಟ್ಟ ಮಾತು ಆಡಿದಂತೆ ನೋಡಿದರು. "ಹೊಸ್ತಿಲಾ ದಾಟೇವಿ. ಅವ್ವ ಏನ ಹೇಳ್ಯಾಳ ಕೇಳಿಲ್ಲೇನು? ಓಣಿ ಮಂದೆಲ್ಲಾ ಆರತಿ ಮಾಡಿ ಕಳಿಸ್ಯಾರ. ಊಟದ ಹೊತ್ತಿಗೆ ಹೊಳ್ಳಿ ಹೋದ್ರ ಏನ ಅಂತಾರು?"

ಹೀಗೆ ಮನೆ ಕಣ್ಣಳತೆಯಲ್ಲಿದ್ದೂ ನಾವು ಮನೆಯಿಲ್ಲದವರಾದೆವು. ಪರದೇಶಿ ಎಂದರೆ ಏನೆಂದು ನನಗೆ ತಿಳಿದದ್ದು ಗಡಿ ದಾಟಿದ ಮೇಲಲ್ಲ, ಆ ಹುಣಸೆಮರದ ಕೆಳಗೆ. ಪಕ್ಕದ ಹೊಲದ ಮನೆಯಿಂದ ಒಬ್ಬ ಅಜ್ಜಿ ತಂಬಿಗೆಯಲ್ಲಿ ಮಜ್ಜಿಗೆ ತಂದುಕೊಟ್ಟಳು. "ಎಲ್ಲಿಗೆ ಹೊಂಟೀರಿ ಯವ್ವಾ?" ಎಂದು ಕೇಳಿದಳು.

"ನೇಪಾಳಕ್ಕ, ಅಮ್ಮಾ. ತಂಗಿ ಹೆರಿಗಿಗೆ."

ಅಜ್ಜಿ ಒಮ್ಮೆ ಕಾರು ನೋಡಿದಳು, ಒಮ್ಮೆ ನಮ್ಮೂರಿನ ದಿಕ್ಕು ನೋಡಿದಳು. "ಹೆರಿಗಿ ಅಂತಿ, ಇಲ್ಲಿ ಕುಂತಿ. ಬ್ಯಾಡಗಿಗೆ ಹೋಗಿ ರೈಲ ಹತ್ತಬಾರದೇನು?"

ಅಷ್ಟು ಸಾದಾ ಮಾತು ಅಜ್ಜಿಗೆ ಹೊಳೆಯಿತು. ಬಿ.ಕಾಂ. ಓದಿದ ನಮ್ಮ ಯಜಮಾನರಿಗೆ ಹೊಳೆಯಲಿಲ್ಲ. ಅವರು ಒಂದು ಟ್ರ್ಯಾಕ್ಟರ್ ಹಿಡಿದು, ಕಾರಿಗೆ ಹಗ್ಗ ಕಟ್ಟಿಸಿ, ರಾಣೇಬೆನ್ನೂರಿನ ಕಡೆಗೆ ಎಳೆಸಿಕೊಂಡು ಹೊರಟರು. ನೇಪಾಳ ಇರುವುದು ಉತ್ತರಕ್ಕೆ. ರಾಣೇಬೆನ್ನೂರು ಇರುವುದು ದಕ್ಷಿಣಕ್ಕೆ.

ರಾಣೇಬೆನ್ನೂರು

ಅಲ್ಲಿ ಇವರ ಸೋದರಮಾವ ಶಿವಪ್ಪನವರ ಮನೆ. ಅವರಿಗೆ ನಮ್ಮ ಕಾರು ಕೆಟ್ಟದ್ದು ಹಬ್ಬ. ಒಲೆಯ ಮೇಲೆ ಆಗಲೇ ಹೂರಣ ಕುದಿಯುತ್ತಿತ್ತು. ಆ ಊರಿನ ಜನ ತುಂಬ ಒಳ್ಳೆಯವರು ಎಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೈಯುವುದಿದೆ. ಅಲ್ಲಿ ಯಾರೂ ಯಾವ ಕೆಲಸಕ್ಕೂ ಆಗುವುದಿಲ್ಲ ಎನ್ನುವುದಿಲ್ಲ. ನಾಳೆ ಎನ್ನುತ್ತಾರೆ. ಅದನ್ನು ಎಷ್ಟು ಪ್ರೀತಿಯಿಂದ ಹೇಳುತ್ತಾರೆಂದರೆ ಕೇಳಿದವರು ಕೆಲಸ ಮುಗಿದೇಹೋಯಿತೆಂದು ಚಹಾ ಕುಡಿಯುತ್ತ ಕೂಡುತ್ತಾರೆ. ನಮ್ಮ ಬ್ಯಾಡಗಿ ಪೇಟೆಯಲ್ಲಿ ಮುಂಜಾನೆ ಬಂದ ಚೀಲ ಸಂಜೆಗೆ ತೂಕವಾಗಿ ಲಾರಿ ಏರಿರುತ್ತದೆ. ಅಲ್ಲಿ ಬೆಳೆದ ನನಗೆ ಈ ನಾಳೆ ಎಂಬ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಹೆದ್ದಾರಿ ಬದಿಯ ಖಾದರಸಾಬರು ಗಾಡಿಗಳ ವೈರಿಂಗ್, ಡೈನಮೊ ಕೆಲಸದವರು. ಅವರು ಡೈನಮೊ ಬಿಚ್ಚಿ ಮೂಗಿನ ಹತ್ತಿರ ಹಿಡಿದದ್ದೇ ತಡ, ಸೀನು ಶುರುವಾಯಿತು. ಒಂದರ ಹಿಂದೆ ಒಂದು. ಅಂಗಡಿಯಲ್ಲಿದ್ದವರೆಲ್ಲ ಸೀನಿದರು. ನಾವಿಬ್ಬರೇ ಸೀನದೆ ನಿಂತವರು.

"ಯಾ ಅಲ್ಲಾ! ಸಾವಕಾರ್ರ, ಈ ಗಾಡೀನ ಎಲ್ಲಿ ಇಟ್ಟಿದ್ರಿ?" ಎಂದು ಖಾದರಸಾಬರು ಕಣ್ಣೊರೆಸಿಕೊಳ್ಳುತ್ತ ಕೇಳಿದರು.

"ಮೆಣಸಿನಕಾಯಿ ವಖಾರದಾಗ. ಭಾಳ ಜೋಪಾನಾಗಿ ಇಟ್ಟೇವಿ."

"ಜೋಪಾನಾಗಿ! ಎಣ್ಣಿ ಹಚ್ಚಿದ ಮೆಣಸಿನಕಾಯಿ ಧೂಳು ಒಳಗ ಹೊಕ್ಕು ತಾಮ್ರಕ್ಕ ಮೆತ್ತಿ ಕುಂತೈತಿ. ಒಳಗ ತಂತಿ ಸುತ್ತಿದ ಆರ್ಮೇಚರ್ ಸುಟ್ಟ ಹೋಗೈತಿ. ಈಗ ಎರಡ ದಾರಿ ನೋಡ್ರಿ. ಇದನ್ನ ಒಗದು ಲಾರೀದು ಆಲ್ಟರ್ನೇಟರ್ ಹಾಕೂದು. ಬಲ್ಬ್, ಬ್ಯಾಟರಿ, ಎಲ್ಲಾ ಬದಲಿ ಮಾಡಬೇಕಾಗತೈತಿ. ಇಲ್ಲಾಂದ್ರ ಹಾವೇರ್ಯಾಗ ಒಬ್ಬಂವ ಇದಾನ, ಅವನ ಕಡೆ ಹೊಸಾ ತಂತಿ ಸುತ್ತಿಸೂದು."

"ಅಪ್ಪಾರ ಡೈನಮೊ ಒಗದು ಲಾರೀದು ಹಾಕೂದಾ?" ಇವರ ದನಿಯಲ್ಲಿ ಅಳು ಬಂದಿತ್ತು. "ಸುತ್ತಿಸೂಣು."

ಹಾವೇರಿಗೆ ಡೈನಮೊ ಒಯ್ಯಬೇಕಾದವನು ನಾಳೆ ಹೋಗುತ್ತಾನೆ. ನಾಳೆ ಹೋದವನು, ತಂತಿ ಸುತ್ತುವವನು ಮದುವೆಗೆ ಹೋಗಿದ್ದಾನೆಂದು ಅದನ್ನು ಹಾಗೇ ವಾಪಸು ತರುತ್ತಾನೆ. ನಾನು ಹೋಳಿಗೆ ತಿನ್ನುತ್ತೇನೆ. ಮಾವನ ಮನೆಯ ತೊಟ್ಟಿಲು ನೋಡಿದಾಗೆಲ್ಲ ವಿಮಲಾಳ ಬಾತ ಕಾಲು ಕಣ್ಣ ಮುಂದೆ ಬರುತ್ತದೆ. ಕಡೆಗೆ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಹೇಳಿದೆ, ನಾನೊಬ್ಬಳೇ ರೈಲಿಗೆ ಹೋಗುತ್ತೇನೆ ಎಂದು. ಶಿವಪ್ಪ ಮಾವ ನಕ್ಕರು.

"ಅವಸರಾ ಯಾಕ ಸರೋಜವ್ವಾ? ಹೆರಿಗಿ ಅಂದ್ರ ರೈಲೇನ, ಹೇಳಿದ ಟೈಮಿಗೆ ಬರಾಕ?"

"ರೈಲೂ ಹೇಳಿದ ಟೈಮಿಗೆ ಬರೂದಿಲ್ಲ ಮಾವಾರ. ಆದ್ರ ಬರತೈತಿ. ನಿಮ್ಮ ಡೈನಮೊ ಬರವಲ್ದು."

ಎಲ್ಲರೂ ನಕ್ಕು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ನನ್ನ ಸಿಟ್ಟಿಗೆ ಅವರ ಬಳಿ ಇದ್ದ ಔಷಧ ಅದೊಂದೇ.

ಹಾವೇರಿ

ಮರುದಿನ ನಾನೇ ಇವರನ್ನು ಎಬ್ಬಿಸಿಕೊಂಡು ಡೈನಮೊ ಸಮೇತ ಹಾವೇರಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಹುಣಸೆಮರ ಬಂತು. ನಾನು ಮುಖ ತಿರುಗಿಸಿಕೊಂಡೆ.

ತಂತಿ ಸುತ್ತುವವನ ಅಂಗಡಿ ಯಾಲಕ್ಕಿ ಹಾರ ಮಾಡುವವರ ಮನೆಗಳ ಪಕ್ಕದಲ್ಲಿತ್ತು. ಓಣಿಗೆ ಓಣಿಯೇ ಯಾಲಕ್ಕಿ ಘಮ. ಒಂದು ಕಡೆ ಅವನು ತಾಮ್ರದ ತಂತಿಯನ್ನು ಎಳೆಎಳೆಯಾಗಿ ಸುತ್ತುತ್ತಿದ್ದ, ಇನ್ನೊಂದು ಕಡೆ ಹೆಂಗಸರು ಯಾಲಕ್ಕಿಯನ್ನು ಒಂದೊಂದಾಗಿ ಪೋಣಿಸುತ್ತಿದ್ದರು. ಇಡೀ ಊರೇ ಪುರುಸೊತ್ತಿನ ವ್ಯಾಪಾರ ಮಾಡುತ್ತಿದೆ ಅನ್ನಿಸಿ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಹೊತ್ತು ಹೋಗದೆ ತಂಗಿಯ ಕೂಸಿನ ತೊಟ್ಟಿಲಿಗೆ ಕಟ್ಟಲು ಒಂದು ಪುಟ್ಟ ಹಾರ ಕೊಂಡೆ.

ಮಧ್ಯಾಹ್ನ ಕಳೆದ ಮೇಲೆ ಸುತ್ತುವ ಕೆಲಸ ಮುಗಿಯಿತು. "ವಾರ್ನಿಷ್ ಇನ್ನೂ ಹಸೀ ಐತ್ರಿ. ಒಂದ ದಿನಾ ಬಿಸಿಲಾಗ ಒಣಗಲಿ," ಎಂದ ಅವನು.

ಇಷ್ಟು ದಿನ ಇಲ್ಲದ ಅವಸರ ಆಗ ನಮ್ಮ ಯಜಮಾನರಿಗೆ ಬಂತು! "ಹಾದ್ಯಾಗ ಒಣಗತೈತಿ ಬಿಡೋ," ಎಂದರು. ಬ್ಯಾಡಗಿಯವರು ಯಾರ ಬಾಗಿಲಿಗೂ ಬರಿಗೈಯಲ್ಲಿ ಹೋಗುವುದಿಲ್ಲ. ತಂಗಿಗೆಂದು ಕಾರಿನಲ್ಲಿ ಇಟ್ಟಿದ್ದ ಮೆಣಸಿನಕಾಯಿಯಲ್ಲೇ ಒಂದು ಚೀಲವನ್ನು ಅವನಿಗೂ ತಂದಿದ್ದೆವು. ಅವನು ಅರ್ಧ ಸಾಕೆಂದು ತೆಗೆದುಕೊಂಡ. ಉಳಿದ ಅರ್ಧದ ನಡುವೆ ಗುಂಡಿ ಮಾಡಿ ಇವರು ಆ ಹಸಿ ಆರ್ಮೇಚರನ್ನು ಮಲಗಿಸಿದರು. "ಬಸ್ಸಿನ್ಯಾಗ ಕುಲುಕಾಡಬಾರದು. ಇದಕ್ಕಿಂತ ಮೆತ್ತನ್ನ ಹಾಸಿಗಿ ಎಲ್ಲಿ ಸಿಗತೈತಿ?"

ನೀವು ನಗಬಹುದು. ಆದರೆ ನಮ್ಮೂರಿನಲ್ಲಿ ಒಡೆಯುವ ವಸ್ತು ಏನೇ ಇದ್ದರೂ ಮೆಣಸಿನಕಾಯಿ ಚೀಲದಲ್ಲೇ ಪ್ರಯಾಣ ಮಾಡುವುದು. ನನ್ನ ಮದುವೆಯ ಗಾಜಿನ ಬಳೆಗಳು ಬಂದದ್ದು ಅದರಲ್ಲೇ, ನಮ್ಮ ನಾದಿನಿಯ ರೇಡಿಯೊ ಗಂಡನ ಮನೆಗೆ ಹೋದದ್ದೂ ಅದರಲ್ಲೇ. ಅವತ್ತು ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮತ್ತೆ ಮೋಟೆಬೆನ್ನೂರು

ಮರುದಿನ ಶುಕ್ರವಾರ. ಖಾದರಸಾಬರ ಅಂಗಡಿ ಬಂದ್. "ಇದರಾಗೇನೈತಿ, ನಾವ ಹಾಕೂಣು," ಎಂದು ಮಾವ ಅಳಿಯ ಇಬ್ಬರೂ ಸೇರಿ ಡೈನಮೊ ಕೂರಿಸಿದರು. ಒಳಗೆ ಸರಿಯಾಗಿ ನೋಡಿದರೋ ಇಲ್ಲವೋ ದೇವರಿಗೇ ಗೊತ್ತು. ಬೇರೆ ಬ್ಯಾಟರಿ ಇಟ್ಟು ತಿರುಗಿಸಿದ ಕೂಡಲೇ ಗಾಡಿ ಗುರ್ ಎಂದಿತು. ಹಾವೇರಿಯ ತನಕ ಕಳಿಸಿ ಬರುತ್ತೇನೆಂದು ಶಿವಪ್ಪ ಮಾವ ಹಿಂದಿನ ಸೀಟಿನಲ್ಲಿ ಅಂಟಿನ ಉಂಡಿಯ ಡಬ್ಬಿಗಳ ಪಕ್ಕ ಕುಳಿತರು. ಇವರು ಹಾಡು ಗುನುಗುತ್ತಿದ್ದರು. ನನಗೂ ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು.

ಸ್ವಲ್ಪ ದೂರ ಹೋದ ಮೇಲೆ ಇವರು ಮೂಗರಳಿಸಿದರು. "ಯಾರದೋ ಮನ್ಯಾಗ ಚಲೋ ಒಗ್ಗರಣಿ ಹಾಕ್ಯಾರ ನೋಡು."

ನನಗೂ ಆ ವಾಸನೆ ಹಿತವಾಗಿಯೇ ಇತ್ತು. ಹಿಂದಿನಿಂದ ಶಿವಪ್ಪ ಮಾವ ಕೆಮ್ಮಿದರು. ಮತ್ತೆ ಕೆಮ್ಮಿದರು. ಆಮೇಲೆ ಮಾತೇ ಹೊರಡದೆ ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದರು. ಗಾಡಿ ನಿಂತ ಮೇಲೆ ನೋಡಿದರೆ ಬಾನೆಟ್ಟಿನ ಸಂದಿಯಿಂದ ಹೊಗೆ. ಶಿವಪ್ಪ ಮಾವ ರಸ್ತೆಯ ಬದಿಯಲ್ಲಿ ಕೂತು ಕಣ್ಣು ಮೂಗು ಒಂದು ಮಾಡಿಕೊಂಡು ಅಳುತ್ತಿದ್ದರು. ಹಸಿ ವಾರ್ನಿಷ್ಷಿಗೆ ಮೆಣಸಿನಕಾಯಿಯ ಬೀಜ, ಸಿಪ್ಪೆ ಎಲ್ಲ ಅಂಟಿಕೊಂಡಿತ್ತು. ಡೈನಮೊ ಬಿಸಿಯಾದ ಹಾಗೆ ಅಷ್ಟೂ ಹುರಿದುಹೋಗಿ, ಹೊಸ ತಂತಿಯನ್ನೂ ಸುಟ್ಟಿತ್ತು.

ನಾನು ತಲೆಯೆತ್ತಿ ನೋಡಿದೆ. ಅದೇ ಹುಣಸೆಮರ. ಹೊಲದ ಮನೆಯಿಂದ ಅದೇ ಅಜ್ಜಿ ತಂಬಿಗೆ ಹಿಡಿದು ಬರುತ್ತಿದ್ದಳು. "ನೇಪಾಳಾ ಮುಗಿಸಿಕೊಂಡ ಬಂದ್ರೇನವ್ವಾ?" ಎಂದು ಕೇಳಿದಳು. ಅವಳು ಹಂಗಿಸಲಿಲ್ಲ, ನಿಜವಾಗಿಯೇ ಕೇಳಿದಳು.

ಆಗ ನನ್ನ ತಾಳ್ಮೆ ಮುಗಿಯಿತು. ಮೋಟೆಬೆನ್ನೂರಿನ ಹತ್ತು ಮಂದಿ ನಿಂತಿದ್ದಾರೆ ಎಂಬುದನ್ನೂ ನೋಡದೆ ಕೂಗಿದೆ. "ನೀವು ನಿಮ್ಮ ಅಪ್ಪನ ಗಾಡಿ ನೋಡ್ಕೊಳ್ರಿ. ನಾ ನನ್ನ ತಂಗೀನ ನೋಡ್ಕೊಂತೇನಿ. ನಾಳೆ ರೈಲಿಗೆ ನಾ ಹೋಗಾಕಿ. ನೀವು ಬಂದ್ರ ಬರ್ರಿ, ಬಿಟ್ರ ಬಿಡ್ರಿ!"

ಇವರು ಗಾಬರಿಯಿಂದ ಹೇಳಿದ್ದೇನು ಗೊತ್ತೇ? "ಇಷ್ಟ ಅವಸರ ಇತ್ತಂದ್ರ ಮೊದಲ ಹೇಳಬೇಕಿಲ್ಲೋ?"



ಬ್ಯಾಡಗಿ ಸ್ಟೇಶನ್

ಮತ್ತೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ರಾಣೇಬೆನ್ನೂರಿಗೆ ಮರಳಿದೆವು. ಇವರು ರೈಲಿಗೆ ಬರಲಿಲ್ಲ. ಅಪ್ಪನ ಗಾಡಿಯನ್ನು ಬೀದಿಯಲ್ಲಿ ಬಿಟ್ಟು ಹೇಗೆ ಬರುವುದು? ಆದರೆ ರಾಣೇಬೆನ್ನೂರಿನ ಸ್ಟೇಶನ್ನಿಗೆ ಸಾಮಾನು ತಾವೇ ಹೊತ್ತು ತಂದರು, ಕಿಟಕಿಯ ಪಕ್ಕ ಜಾಗ ಹಿಡಿದರು, ರೈಲು ಹೊರಡುವ ತನಕ ಕಂಬಿ ಹಿಡಿದು ನಿಂತಿದ್ದರು.

ರಾಣೇಬೆನ್ನೂರು ಬಿಟ್ಟ ರೈಲು ಬ್ಯಾಡಗಿಯಲ್ಲಿ ನಿಲ್ಲುತ್ತದೆ. ನಾನು ಸೆರಗು ಹೊದ್ದು ಮುಖ ಮುಚ್ಚಿಕೊಂಡು ಕೂತೆ. ಯಾರಾದರೂ ಕಂಡರೆ ಏನು ಹೇಳಲಿ? ಅಷ್ಟರಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಒಂದು ಪರಿಚಿತ ದನಿ ಕಿಟಕಿಯಿಂದ ಕಿಟಕಿಗೆ ಕೂಗುತ್ತ ಬರುತ್ತಿತ್ತು. "ಸರೋಜಾ! ಸರೋಜಾ!" ಅತ್ತೆಯವರು. ಕೈಯಲ್ಲಿ ಒಂದು ಬಟ್ಟೆಯ ಗಂಟು. ಮೋಟೆಬೆನ್ನೂರಿನಿಂದ ಪೇಟೆಗೆ ಬಂದವರು ಯಾರೋ ಹಿಂದಿನ ದಿನದ ನನ್ನ ಕೂಗಾಟವನ್ನು ಅವರಿಗೆ ಮುಟ್ಟಿಸಿದ್ದರು. ಬೈಸಿಕೊಳ್ಳಲು ಸಿದ್ಧಳಾಗಿ ನಾನು ಸೆರಗು ಸರಿಸಿದೆ.

"ನೀ ಖರೇನ ಇನ್ನೂ ಹೋಗಿಲ್ಲೇನವಾ?" ಅವರು ಕಿಟಕಿಗೆ ಮುಖ ತಂದರು. "ನೀ ಅಲ್ಲಿ ಮುಟ್ಟಿರತಿ ಅಂತ ದಿನಾ ದೇವರ ಮುಂದ ದೀಪಾ ಹಚ್ಚಾಕತ್ತಿದ್ನೆಲ್ಲಾ! ಗಾಡಿ ಕೆಟ್ಟ ದಿನಾನ ಮನೀಗೆ ಬಂದು ರೈಲ ಹತ್ತಬಾರದಿತ್ತೇನು?"

"ಹೊಳ್ಳಿ ಬರಬ್ಯಾಡ ಅಂದಾವ್ರು ನೀವ ಅಲ್ಲೇನ್ರಿ ಅತ್ತಿ?" ಎಂದುಬಿಟ್ಟೆ. ಮದುವೆಯಾದಂದಿನಿಂದ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಅವರು ಗಂಟನ್ನು ಕಿಟಕಿಯಿಂದ ನನ್ನ ತೊಡೆಯ ಮೇಲೆ ಇಟ್ಟು, ಬಾಗಿಲಿಗೆ ಬಂದು, ಸೀರೆ ಎತ್ತಿ ಹಿಡಿದು ರೈಲು ಹತ್ತಿದರು.

"ಅತ್ತಾಗ ಸರಿ, ಜಾಗಾ ಬಿಡು. ಬಾಣಂತನಾ ಒಬ್ಬಾಕಿ ಕೈಲೆ ಆಗೂ ಕೆಲಸಾ ಅಲ್ಲ."

"ಮುಹೂರ್ತಾ ನೋಡಿಸಿಲ್ಲಲ್ರಿ ಅತ್ತಿ."

"ರೈಲಿಗೆ ಯಾ ಮುಹೂರ್ತಾ? ಶೀಟಿ ಹೊಡದ್ರ ಹೋಗೂದು."

ಕಠ್ಮಂಡು

ಮಿರಜಿನಲ್ಲಿ ಇಳಿದು ಅಗಲ ಹಳಿಯ ದೊಡ್ಡ ರೈಲು ಹಿಡಿದೆವು. ಗೋರಖಪುರ, ಸುನೌಲಿ, ಆಮೇಲೆ ಬೆಟ್ಟ ಸುತ್ತುವ ಬಸ್ಸು. ಅತ್ತೆಯವರು ದಾರಿಯುದ್ದಕ್ಕೂ ಅಂಟಿನ ಉಂಡಿಯ ಡಬ್ಬಿಯನ್ನು ತೊಡೆಯಿಂದ ಇಳಿಸಲಿಲ್ಲ. ಗಡಿಯಲ್ಲಿ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಗಡಿಯಾರವನ್ನು ಮಾತ್ರ ಹದಿನೈದು ನಿಮಿಷ ಮುಂದೆ ಇಟ್ಟುಕೊಳ್ಳಿ ಎಂದ ಕಂಡಕ್ಟರ್. ಅಲ್ಲಿ ಕಾಲ ನಮಗಿಂತ ಅಷ್ಟು ಮುಂದಂತೆ. ಮೊದಲೇ ತಡವಾಗಿ ಹೊರಟವರಿಗೆ ಅದೂ ಒಂದು ಸೇರಿತು.

ವಿಮಲಾಳ ಮನೆಯ ಮೆಟ್ಟಿಲು ಹತ್ತುವಾಗಲೇ ಕೂಸಿನ ಅಳು ಕೇಳಿಸಿತು.

ಬಿಸಿಲು ಬೀಳುವ ಜಗುಲಿಯಲ್ಲಿ ಪಕ್ಕದ ಮನೆಯ ನೇಪಾಳಿ ಹೆಂಗಸು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಸಾಸಿವೆ ಎಣ್ಣೆ ತಿಕ್ಕುತ್ತಿದ್ದಳು. ನಮ್ಮಲ್ಲಿ ಕೊಬ್ಬರಿ ಎಣ್ಣೆ, ಅಲ್ಲಿ ಸಾಸಿವೆ. ಉಳಿದಂತೆ ಕಾಲ ಮೇಲೆ ಮಲಗಿಸುವ ರೀತಿ, ಮೂಗು ತೀಡುವ ರೀತಿ, ಎಲ್ಲ ನಮ್ಮದೇ. ವಿಮಲಾ ಒಳಗೆ ಹಾಸಿಗೆಯ ಮೇಲಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಶುಕ್ರವಾರ ಆತಕ್ಕಾ. ಇನ್ನೇನ ಬಂದ ಬಿಡ್ತಿ ಅಂತ ಬ್ಯಾನಿ ಹಿಡಕೊಂಡ ಬಾಗಲಾ ನೋಡಾಕತ್ತಿದ್ನಿ. ಎಲ್ಲಿದ್ದಿ ಅವತ್ತ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮೋಟೆಬೆನ್ನೂರಾಗ," ಎಂದೆ.

ನಕ್ಕಾಳೆಂದು ಕಾದೆ. ಅವಳು ನಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಹೇಳಿದಳು, "ನಾ ಕನ್ನಡದಾಗ ಅತ್ತೆ. ಆ ಬಾಜೂ ಮನಿ ದಿದಿಗೆ ಒಂದೂ ತಿಳೀಲಿಲ್ಲ. ಆದ್ರ ಬೆಳಗಾಗೂತನಕಾ ನನ್ನ ಕೈ ಬಿಡಲಿಲ್ಲ."

ಆ ಕೈ ನನ್ನದಾಗಬೇಕಿತ್ತು. ನನಗೆ ಎಲ್ಲರ ಮೇಲೂ ಸಿಟ್ಟು ಉಕ್ಕಿತು. ಆ ಕಾರಿನ ಮೇಲೆ, ಅಪ್ಪನ ಡೈನಮೊ ಎಂದು ಅಳುವ ಗಂಡಸರ ಮೇಲೆ, ಹೋಳಿಗೆಯ ಮೇಲೆ, ಓಣಿಯವರು ಏನೆಂದಾರು ಎಂಬ ಹೆದರಿಕೆಯ ಮೇಲೆ, ಕಟ್ಟಿಗೆಯ ಒಂದು ಹೊಸ್ತಿಲ ಮೇಲೆ. ಅತ್ತೆಯವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕೈಕಾಲು ತೊಳೆದು ಬಂದು, ಆ ದಿದಿಯ ಎರಡೂ ಕೈಗಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ನಾನು ತೊಟ್ಟಿಲಿಗೆ ಯಾಲಕ್ಕಿ ಹಾರ ಕಟ್ಟಿದೆ.

ಬಾಣಂತನ ಮುಗಿಯುವ ಹೊತ್ತಿಗೆ ಇವರ ಟ್ರಂಕ್ ಕಾಲ್ ಬಂತು. ಖಾದರಸಾಬರು ಕೊನೆಗೂ ಲಾರಿಯ ಆಲ್ಟರ್ನೇಟರ್ ಹಾಕಿದ್ದರಂತೆ. ದೀಪ ಝಗ್ ಎನ್ನುತ್ತವಂತೆ. "ಕರಕೊಂಡ ಬರಾಕ ಗಾಡಿ ತರ್ಲೇನು?" ಎಂದು ಕೇಳಿದರು. ಅತ್ತೆಯವರು ನನ್ನ ಕೈಯಿಂದ ಫೋನು ಕಸಿದುಕೊಂಡು, "ಅಲ್ಲೇ ಇರು," ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಹೊರಡುವ ದಿನ ವಿಮಲಾ ಆರತಿ ಎತ್ತಿದಳು. ದಿದಿ ಮೊಸರು, ಅಕ್ಕಿ, ಕುಂಕುಮ ಕಲಸಿ ನಮ್ಮ ಹಣೆ ತುಂಬ ಹಚ್ಚಿದಳು. ನಾವು ಹೊಸ್ತಿಲು ದಾಟಿ, ಮೆಟ್ಟಿಲಿಳಿದು ಬೀದಿಗೆ ಬಂದೆವು. ಟ್ಯಾಕ್ಸಿ ಕಾದಿತ್ತು. ಆಗ ಮೇಲಿನಿಂದ ಕೂಸು ಅತ್ತಿತು.

ಅತ್ತೆಯವರು ನಿಂತರು. ಹೊಳ್ಳಿ ನೋಡಲಾರರು ಎಂದೇ ನಾನು ತಿಳಿದಿದ್ದೆ. ಅವರು ಗಂಟನ್ನು ಬೀದಿಯಲ್ಲೇ ಇಟ್ಟು, ತಿರುಗಿ ಮೆಟ್ಟಿಲು ಹತ್ತಿ, ಹೊಸ್ತಿಲು ತುಳಿದು ಒಳಗೆ ಹೋದರು. ನಾನು ಹಿಂದೆಯೇ ಓಡಿದೆ. ದಿದಿ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅಲ್ಲೂ ಇದೇ ಕಟ್ಟಳೆ ಇದೆಯೆಂದು ಅವಳ ಮುಖ ನೋಡಿಯೇ ತಿಳಿಯಿತು. ಅತ್ತೆಯವರು ಆಗಲೇ ನೆಲದ ಮೇಲೆ ಕೂತು ಕೂಸನ್ನು ಮಡಿಲಿಗೆ ತೆಗೆದುಕೊಂಡಿದ್ದರು. ವಿಮಲಾ ಅವರ ಭುಜಕ್ಕೆ ಒರಗಿ ಅಳುತ್ತಿದ್ದಳು, ಕನ್ನಡದಲ್ಲೇ.

ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ.

"ಅತ್ತಿ, ಬಸ್ ತಪ್ಪತೈತ್ರಿ," ಎಂದೆ.

"ತಪ್ಪಲಿ. ಆಂವಗ ನಾಳೆ ಬಾ ಅಂತ ಹೇಳು," ಎಂದರು ಅವರು, ತಲೆಯೆತ್ತದೆ.

ರಾಣೇಬೆನ್ನೂರು ಬಿಟ್ಟ ಮೇಲೆ ನಾಳೆ ಎಂಬ ಮಾತು ಕೇಳಿ ನನಗೆ ಸಿಟ್ಟು ಬರದೇ ಇದ್ದದ್ದು ಅದೊಂದೇ ಸಲ. ನಾನು ಕೆಳಗಿಳಿದು ಹೋಗಿ, ಬೀದಿಯಲ್ಲಿದ್ದ ಗಂಟನ್ನು ಎತ್ತಿಕೊಂಡು, ಟ್ಯಾಕ್ಸಿಯವನಿಗೆ ನಾಳೆ ಬಾ ಎಂದು ಹೇಳಿದೆ.